ಗರಿಗೆ ಎಣ್ಣೆ

ಕಡಲಿಗೆ ನೊರೆಪುಡಿ ಸುರಿದು ಏಳು ವರ್ಷವಾಗಿತ್ತು. ಒಡೆದ ಹಡಗಿನಿಂದ ಹರಡಿದ್ದ ಎಣ್ಣೆಯನ್ನು ಅದು ನೀರಿನಲ್ಲಿ ಕರಗಿಸಿತ್ತು, ಮೀನೂ ಮರಳಿತ್ತು. ಆದರೆ ಹಕ್ಕಿಗಳ ಗರಿಯ ಜಿಡ್ಡನ್ನೂ ಅದು ತೊಳೆದುಬಿಡುತ್ತಿದ್ದುದರಿಂದ, ನೀರಿಗಿಳಿದ ಕಡಲಹಕ್ಕಿ ನೆನೆದು ಮುಳುಗುತ್ತಿತ್ತು. ಹೊನ್ನಾವರದ ದಡದಲ್ಲಿ ಮಾದೇವಿ ದಿನಾ ಬೆಳಿಗ್ಗೆ ಅವನ್ನು ಎತ್ತಿ ತಂದು, ಒಣಗಿಸಿ, ಗರಿಗೆ ಕೊಬ್ಬರಿ ಎಣ್ಣೆ ಸವರಿ ಬಿಡುತ್ತಿದ್ದಳು.

ಆ ಪುಡಿಯನ್ನು ಕಂಡುಹಿಡಿದ ವಸುಧಾ ಅಂದು ಬಂದು ಅವಳ ಪಕ್ಕ ಕೂತಳು.

“ಪುಡಿಯ ಶಕ್ತಿ ಮುರಿಯೋ ಔಷಧಿ ಸಿದ್ಧವಾಗಿದೆ, ಮಾದೇವಿ. ಹಾಕಿದರೆ ಹಕ್ಕಿಗಳು ತೇಲ್ತವೆ. ಆದರೆ ಕರಗಿದ ಎಣ್ಣೆ ಮತ್ತೆ ಮೇಲೆ ಬರಬಹುದು. ಹಾಕಲಾ, ಬೇಡವಾ?”

“ಓದಿದೋರು ನೀವು. ನನ್ ಹತ್ರ ಕೇಳ್ತ್ರಿಯಾ?”

“ನಂಗೆ ಗೊತ್ತಾಗ್ತಿಲ್ಲ.”

ಮಾದೇವಿ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಹಡಗು ಒಡ್ದಾಗ ಎಣ್ಣೆ ತೊಳೆದು ಹಕ್ಕಿ ಉಳಿಸ್ದೆ. ಈಗ ಎಣ್ಣೆ ಹಚ್ಚಿ ಉಳಿಸ್ತೆ. ಯಾವ್ದು ಸರಿ ಅಂತ ನಂಗೂ ತಿಳೂದಿಲ್ಲ.”

ಅಷ್ಟರಲ್ಲಿ ಅಲೆಗಳಾಚೆ ಒಂದು ಹಕ್ಕಿ ಇಳಿಯಿತು. ರೆಕ್ಕೆ ಬಡಿದು, ಒಂದು ಪಕ್ಕಕ್ಕೆ ವಾಲಿತು. ಮಾದೇವಿ ಸೆರಗು ಬಿಗಿದು ನೀರಿಗೆ ನುಗ್ಗಿದಳು. ವಸುಧಾ ಚಪ್ಪಲಿ ಬಿಟ್ಟು ಅವಳ ಹಿಂದೆಯೇ ಇಳಿದಳು.