ಹೊಸ್ತಿಲಲ್ಲೇ ನಿಂತ ಕರು

ದಾವಣಗೆರೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ. ಹೆಸರು ಮುರಿಗೆಪ್ಪ ಅಂತಿಟ್ಟುಕೊಳ್ಳಿ...

ಹೊಸ ಅಂಗಡಿ, ಹೊಸ ಮನೆ, ಎರಡನ್ನೂ ಒಟ್ಟಿಗೇ ಕಟ್ಟಿಸುತ್ತಿದ್ದ. ಮನುಷ್ಯ ಕೆಟ್ಟವನಲ್ಲ. ಆದರೆ ನಾಲ್ಕು ಜನ "ಆಹಾ" ಅಂದರೆ ಊಟ ಬಿಟ್ಟು ಎದ್ದು ಬರುವ ಪೈಕಿ!

ಹೆಂಡತಿ ನೀಲಾಂಬಿಕೆಯನ್ನು ಕರೆದುಕೊಂಡು ಟೈಲ್ಸ್ ಶೋರೂಮಿಗೆ ಹೋದ.

ಅಂಗಡಿಗೆ ಆರಿಸಿದ್ದು ತರಿತರಿಯಾದ ಮ್ಯಾಟ್ ಟೈಲ್ಸ್. ಎಷ್ಟು ಜನ ಓಡಾಡಿದರೂ ಸವೆಯುವುದಿಲ್ಲ, ನೀರು ಚೆಲ್ಲಿದರೂ ಜಾರುವುದಿಲ್ಲ.

"ಮನಿಗೂ ಇದನ್ನೇ ಹಾಕಿಸ್ರಿ," ಅಂದಳು ನೀಲಾಂಬಿಕೆ.

"ಅಂಗಡಿಗೆ ಗಿರಾಕಿ ಬರ್ತಾರೆ, ಬಿದ್ರೆ ಹೆಸರು ಕೆಡತೈತಿ. ಮನಿಗೆ ಬರೋರು ನಮ್ಮೋರೇ ಅಲ್ಲೇನು?" ಅಂತ ನಕ್ಕುಬಿಟ್ಟ.

ಮನೆಗೆ ಬಂದದ್ದು ಕನ್ನಡಿಯಂಥ ಟೈಲ್ಸ್... ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು!

ಗೃಹಪ್ರವೇಶದ ದಿನ ಬಂತು. ನಮ್ಮಲ್ಲಿ ಹೊಸ ಮನೆಗೆ ಮೊದಲು ಕಾಲಿಡಬೇಕಾದ್ದು ಗೋಮಾತೆ, ಕರುವಿನ ಸಮೇತ.

ಹಿಂದಿನ ಬೀದಿಯ ಹೊನ್ನೂರಮ್ಮ ತನ್ನ ಹಸು ಕೆಂಪಿಯನ್ನೂ ಅದರ ಕರುವನ್ನೂ ಕರೆತಂದಳು. ಗಂಡ ತೀರಿಕೊಂಡ ಮೇಲೆ ಆ ಹಸುವಿನ ಹಾಲಿನಲ್ಲೇ ಆಕೆಯ ಸಂಸಾರ. ಕೊಂಬಿಗೆ ಅರಿಶಿನ ಹಚ್ಚಿ, ಕೊರಳಿಗೆ ಸೇವಂತಿಗೆ ಹಾರ ಹಾಕಿ, ಮಗಳನ್ನು ಸಿಂಗರಿಸಿದ ಹಾಗೆ ಸಿಂಗರಿಸಿದ್ದಳು.

ಕೆಂಪಿ ಹೊಸ್ತಿಲವರೆಗೆ ಬಂತು. ನೆಲ ಮೂಸಿತು... ಹಿಂದಕ್ಕೆ ಸರಿಯಿತು.

"ಗೋಣಿಚೀಲ ಹಾಸೋಣ ರೀ," ಅಂದಳು ನೀಲಾಂಬಿಕೆ.

"ಇಂಥ ಟೈಲ್ಸ್ ಮ್ಯಾಲೆ ಗೋಣಿಚೀಲನಾ? ಫೋಟೋದಾಗ ಚೆಂದ ಕಾಣಬೇಕೋ ಬ್ಯಾಡೋ?"

ಹೊನ್ನೂರಮ್ಮನಿಗೂ ಅಳುಕು. "ಅಣ್ಣಾರೆ, ಯಾಕೋ ಹೆದರತೈತ್ರಿ ಇದು..."

"ಏನೂ ಆಗಂಗಿಲ್ಲಮ್ಮ. ನಾನಿದ್ದೀನಿ, ಎಳಿ ಒಳಗ!"

ಅವಳು ಹಗ್ಗ ಎಳೆದಳು. ಹಿಂದಿನಿಂದ ಮುರಿಗೆಪ್ಪನೇ ನೂಕಿದ.

ಹಾಲ್ ದಾಟುವ ಮೊದಲೇ ಹಿಂಗಾಲುಗಳು ಒಂದೊಂದು ದಿಕ್ಕಿಗೆ ಜಾರಿ ಕೆಂಪಿ ದೊಪ್ಪನೆ ಬಿತ್ತು. ಏಳಲು ಹೋಗಿ ಮತ್ತೆ ಜಾರಿತು... ಮತ್ತೆ ಬಿತ್ತು. ಹೊಸ್ತಿಲಾಚೆ ನಿಂತ ಕರು ಒಂದೇ ಸಮನೆ ಕೂಗುತ್ತಿತ್ತು.

ಆಗ ಗೋಣಿಚೀಲ ಬಂದವು, ಜಮಖಾನ ಬಂತು. ಮುರಿಗೆಪ್ಪ ಹೊದ್ದಿದ್ದ ರೇಷ್ಮೆ ಶಲ್ಯವನ್ನೂ ತೆಗೆದು ಹಾಸಿದ. ಏನು ಪ್ರಯೋಜನ?

ದನದ ಡಾಕ್ಟರು ಬಂದು ನೋಡಿದರು. ಸೊಂಟದ ಕೀಲು ತಪ್ಪಿತ್ತು. ಕೆಂಪಿ ಮತ್ತೆ ಏಳಲೇ ಇಲ್ಲ... ಕೆಲವೇ ದಿನಗಳಲ್ಲಿ ಕಣ್ಣು ಮುಚ್ಚಿತು.

ಮುರಿಗೆಪ್ಪ ಬೇರೆ ಹಸು ಕೊಡಿಸಿದ. ಹೊನ್ನೂರಮ್ಮ ಬೇಡ ಅನ್ನಲಿಲ್ಲ, ಬೈಯಲೂ ಇಲ್ಲ.

"ನಾನಿದ್ದೀನಿ ಅಂದ್ರಲ್ಲ ಅಣ್ಣಾರೆ... ಅದಕ್ಕೇ ಎಳೆದೆ," ಅಂದಳು ಅಷ್ಟೇ.

ನಾಲ್ಕು ಮಾತು ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮನೆಯ ಟೈಲ್ಸನ್ನೆಲ್ಲ ಕೀಳಿಸಿ ಅಂಗಡಿಗೆ ಹಾಕಿದ್ದನ್ನೇ ಹಾಕಿಸಿದ. ಆಮೇಲೆ ಹೊನ್ನೂರಮ್ಮನ ಮನೆಗೆ ಹೋಗಿ ಕೈಮುಗಿದ. "ಕೆಂಪಿ ಕರುನ ಒಂದ್ಸಲ ನಮ್ಮನಿಗೆ ಕರ್ಕೊಂಡು ಬಾರಮ್ಮ..."

ಕರು ಬಂತು. ಆಗಲೇ ಎತ್ತರಕ್ಕೆ ಬೆಳೆದಿತ್ತು. ಹೊಸ್ತಿಲ ಹತ್ತಿರ ಬಂದು, ತಾಯಿಯ ಹಾಗೆಯೇ ನೆಲ ಮೂಸಿತು... ಅಲ್ಲೇ ನಿಂತುಬಿಟ್ಟಿತು.

"ಅದು ಒಳಗ ಬರಂಗಿಲ್ಲ ಬಿಡ್ರಿ. ಅವ್ವ ಬಿದ್ದಿದ್ದು ನೋಡೈತಿ," ಅಂದಳು ಹೊನ್ನೂರಮ್ಮ.

ಈ ಸಲ ಮುರಿಗೆಪ್ಪ ನೂಕಲಿಲ್ಲ.

ಬೆಲ್ಲ, ಬಾಳೆಹಣ್ಣಿನ ತಟ್ಟೆ ಹಿಡಿದು ತಾನೇ ಹೊಸ್ತಿಲು ದಾಟಿ ಹೊರಗೆ ಬಂದ. ಕರುವಿಗೆ ತಿನ್ನಿಸಿದ. ಬಗ್ಗಿ ಅದರ ಕಾಲು ಹಿಡಿದವನು ಬಿಕ್ಕಿಬಿಕ್ಕಿ ಅತ್ತುಬಿಟ್ಟ...

ಬೀದಿಯ ಜನರೆಲ್ಲ ನೋಡುತ್ತಿದ್ದರು. ಅವತ್ತು ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಮನೆಯ ನೆಲ ಇರುವುದು ಬಂದವರ ಕಣ್ಣು ಕುಕ್ಕುವುದಕ್ಕಲ್ಲ, ಬಂದವರ ಕಾಲಿಗೆ ಆಸರೆಯಾಗುವುದಕ್ಕೆ.

ನಿಮ್ಮ ಮನೆಯ ನೆಲ ಆರಿಸುವಾಗ ನೀವು ನೆನೆದದ್ದು ಯಾರ ಕಣ್ಣನ್ನು... ಯಾರ ಕಾಲನ್ನು?