ಕರ್ಮಿನ್‌ಬಾಯಿ ಹೊತ್ತ ಕೊನೆಯ ಭಾರ

ಪಾಪಕ್ಕೆ ತೂಕವಿದ್ದ ಕಾಲದಲ್ಲಿ, ಕಡಲಂಚಿನ ಒಂದು ಇಗರ್ಜಿಯ ಮೆಟ್ಟಿಲ ಮೇಲೆ ಕರ್ಮಿನ್‌ಬಾಯಿ ಎಂಬವಳು ಕೂರುತ್ತಿದ್ದಳೆಂದು ಹೇಳುತ್ತಾರೆ. ಶುಭ ಶುಕ್ರವಾರದಂದು ಊರವರು ಅವಳ ಅಂಗೈ ಮುಟ್ಟಿ ತಮ್ಮ ಪಾಪದ ಭಾರವನ್ನು ಅವಳ ಮೇಲೆ ಇಳಿಸಿ ಹೋಗುವುದು ವಾಡಿಕೆ. ಸಂಜೆಗೆ ಅವಳು ಕಂಬ ಹಿಡಿಯದೆ ಏಳಲಾರಳು.

ಆ ವರ್ಷ ಎಲ್ಲರ ಕೊನೆಗೆ, ಬೆನ್ನು ನೆಲದತ್ತ ಬಾಗಿದ್ದ ಲಾದ್ರು ಬಂದ. ಬಿರುಗಾಳಿಯಲ್ಲಿ ಅವಳ ಮಗ ಪಾಸ್ಕುವನ್ನು ನೀರಿನಲ್ಲೇ ಬಿಟ್ಟು ದೋಣಿ ತಿರುಗಿಸಿದವನು ಅವನೇ.

"ನಿನಗೂ ಇಳಿಸಬೇಕೋ? ನನ್ನ ಮೊಣಕಾಲು ಮುರಿಯಲಿಕ್ಕೆ ನೀನೊಬ್ಬ ಬಾಕಿ ಇದ್ದಿ."

"ಇಲ್ಲ ಬಾಯಿ, ನನ್ನದು ನನ್ನಲ್ಲೇ ಇರಲಿ. ನನ್ನ ಮೇಲೆ ನಿಮಗೆ ದ್ವೇಷ ಉಂಟಲ್ಲ, ಅದನ್ನು ಕೊಡಿ. ಅದನ್ನೂ ನಾನೇ ಹೊರುತ್ತೇನೆ."

ಕರ್ಮಿನ್‌ಬಾಯಿ ಅಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಅದನ್ನೂ ಕೊಟ್ಟರೆ ಪಾಸ್ಕುವಿನದೆಂದು ನನ್ನ ಹತ್ತಿರ ಇನ್ನೇನುಂಟು ಮಾರಾಯ?"

ಲಾದ್ರು ಬಾಗಿದ ಬೆನ್ನಿನಲ್ಲೇ ಅಲ್ಲಿ ನಿಂತ. ಅವನ ಹಣೆಯ ಬೆವರು ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಈ ವಯಸ್ಸಿಗೆ ಎರಡೆರಡು ಹೊರ್ತಾನಂತೆ!" ಎಂದು ಗೊಣಗಿ ಅವಳೇ ಅವನ ಕೈಯನ್ನು ಎಳೆದುಕೊಂಡಳು. "ತಾ ಇಲ್ಲಿ, ನಿಂದು."

ಮಗನನ್ನು ನೀರಿನಲ್ಲಿ ಬಿಟ್ಟ ಆ ಪಾಪದ ಭಾರ ಅವಳ ಮೈಗೆ ಇಳಿಯಿತು. ಲಾದ್ರು ನೆಟ್ಟಗಾಗಿ ನಿಂತು ಅಳತೊಡಗಿದ. ಮೊಣಕಾಲು ಈಗ ಮುರಿದೀತೆಂದು ಕಾದ ಕರ್ಮಿನ್‌ಬಾಯಿ, ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಎದ್ದು ಹೊರಟಳು. ತಾನು ಕಂಬ ಹಿಡಿಯಲಿಲ್ಲವೆಂಬುದು ಅವಳಿಗೆ ನೆನಪಾದದ್ದು ಮನೆ ತಲುಪಿದ ಮೇಲೆ.