ಕೈಯಲ್ಲಿ ಉಳಿದ ಲಾಕು

ಬೈಕಿನ ವಿಷಯ ಅರೆಬರೆ ತಿಳಿದು ಇದನ್ನು ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ. ಗುಂಡ್ಲುಪೇಟೆಯ ಊಟಿ ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಬೋಲ್ಟಿನ ಡಬ್ಬಿ ಎತ್ತಿಡುತ್ತಿದ್ದ ನಾಗಮಲ್ಲುವಿನ ಕೈಗೆ ತಂತಿಯ ಸಣ್ಣ ಲಾಕೊಂದು ಸಿಕ್ಕಿತು; ಡಬ್ಬಿ ಅಲ್ಲೇ ಬಿಟ್ಟು ಅವನು ಮೊಪೆಡ್ಡಿನತ್ತ ಓಡಿದ. ಅವನು ಆಗತಾನೆ ಒಬ್ಬ ಹುಡುಗಿಯ ಬೈಕಿನ ಹಿಂದಿನ ಚಕ್ರ ಬಿಚ್ಚಿ ಪಂಕ್ಚರ್ ಹಾಕಿ ಕಳಿಸಿದ್ದ. ಆ ಚಕ್ರವನ್ನು ಹಿಡಿದಿದ್ದುದು ಎರಡು ಕಡೆಯ ಕಂಬಿಗಳಲ್ಲ. ಒಂದೇ ಪಕ್ಕದ ದಪ್ಪ ತೋಳು, ನಡುವೆ ಒಂದೇ ದೊಡ್ಡ ನಟ್ಟು. ಆ ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವುದೇ ಇಂಥ ಲಾಕು.

“ಏನ್ಲಾ, ಆ ಉಡ್ಗಿ ಇಂದಿಂದೇನೇ ಒಂಟ್ಯಾ? ಟೀ ಆರೋಯ್ತದೆ!” ಎಂದು ಪಕ್ಕದ ಹೋಟೆಲಿನ ಸೋಮೇಶ ಕೂಗಿದ. “ನಿನ್ ಟೀ ಮನೆ ಹಾಳಾಗ! ಚಕ್ರ ಕಳಚ್ಕಂಡ್ ಬಿದ್ದೋಯ್ತದೆ ಕಣ್ಲಾ!” ಎನ್ನುತ್ತಲೇ ನಾಗಮಲ್ಲು ಮೊಪೆಡ್ ಹತ್ತಿದ.

ಬಂಡೀಪುರದ ಚೆಕ್‌ಪೋಸ್ಟಿನ ಸಾಲಿನಲ್ಲಿ ಅವಳು ಸಿಕ್ಕಳು. “ಇಳೀರಿ ತಾಯಿ, ಮೊದ್ಲು ಇಳೀರಿ,” ಎಂದವನೇ ಕುಕ್ಕರಗಾಲಲ್ಲಿ ಕೂತು ಚಕ್ರದ ನಡುವೆ ಬೆರಳಾಡಿಸಿದ. ಲಾಕು ಅಲ್ಲೇ ಭದ್ರವಾಗಿತ್ತು. “ನೀವೇ ಹಾಕಿದ್ರಲ್ಲ ಅಣ್ಣ, ಎರಡೆರಡು ಸಲ ಎಳೆದೂ ನೋಡಿದ್ರಿ,” ಎಂದು ಅವಳು ನಕ್ಕಳು. ಅವನೂ ನಗುತ್ತ ಬೆವರು ಒರೆಸಿಕೊಳ್ಳಲು ಕೈಯೆತ್ತಿದ.

ಅಂಗೈಯಲ್ಲಿದ್ದ ಲಾಕು ಹಣೆಗೆ ತಾಗಿತು. ಹೋದ ಭಾನುವಾರ ಇಂಥದೇ ಒಂಟಿ ತೋಳಿನ ಕೆಂಪು ಬೈಕೊಂದು ಬಂದಿತ್ತು; ಅದರ ಹಿಂದಿನ ಚಕ್ರವನ್ನೂ ಅವನೇ ಬಿಚ್ಚಿ ಹಾಕಿದ್ದ. ಗಂಡ ಹೆಂಡತಿ, ಬಹಳ ಅವಸರದಲ್ಲಿದ್ದರು. ಅವನು ಅವರ ಹೆಸರು ಕೇಳಿರಲಿಲ್ಲ, ಗಾಡಿಯ ನಂಬರೂ ನೋಡಿರಲಿಲ್ಲ. ಅವರು ಊಟಿ ಮುಟ್ಟಿದರೋ ಇಲ್ಲವೋ, ನಾಗಮಲ್ಲುವಿಗೆ ಇಂದಿಗೂ ಗೊತ್ತಿಲ್ಲ.